ಮೇ ತಿಂಗಳಲ್ಲಿ ಡಂಕೆಲ್ಡ್‌ಗೆ ಒಂದು ದಿನ: ಸ್ಕಾಟ್ಲೆಂಡ್‌ನ ಲಾಖ್ ಮತ್ತು ಕಾಡಿನಲ್ಲಿ ಹಕ್ಕಿ ನೋಡುವುದು ಹೇಗೆ

ಏಪ್ರಿಲ್ ಶುರುವಾದರೆ ಸಾಕು, ಎಡಿನ್‌ಬರಾ, ಗ್ಲಾಸ್ಗೋ ಕಡೆ ಇರುವ ನಮ್ಮವರಿಂದ ಒಂದೇ ಪ್ರಶ್ನೆ. ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ, ಹಕ್ಕಿ ನೋಡೋಕೆ ಎಲ್ಲಿಗೆ ಕರ್ಕೊಂಡು ಹೋಗಲಿ? ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರೋ ಹಾಗಿರಬೇಕು, ಕಾರಿಲ್ಲ, ಬೈನಾಕ್ಯುಲರ್ ಕೂಡ ಸಾಧಾರಣದ್ದು. ಪ್ರತಿ ಸಲ ಒಬ್ಬೊಬ್ಬರಿಗೆ ಬರೆದು ಕಳಿಸುವ ಬದಲು ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಉತ್ತರ ಡಂಕೆಲ್ಡ್. ಪರ್ತ್‌ನ ಉತ್ತರಕ್ಕೆ, ಟೇ ನದಿಯ ದಂಡೆಯಲ್ಲಿರುವ ಸಣ್ಣ ಊರು. ಊರಿನ ಒಂದು ಬದಿಗೆ ಲಾಖ್ ಆಫ್ ದ ಲೋಸ್, ಇನ್ನೊಂದು ಬದಿಗೆ ಹರ್ಮಿಟೇಜ್ ಕಾಡು. ಲಾಖ್ ಅಂದರೆ ಸ್ಕಾಟ್ಲೆಂಡ್‌ನವರ ಬಾಯಲ್ಲಿ ಸರೋವರ, ಸಣ್ಣದಿರಲಿ ದೊಡ್ಡದಿರಲಿ. ಎರಡಕ್ಕೂ ಊರಿನಿಂದ ನಡೆದೇ ಹೋಗಬಹುದು, ಊರಿಗೆ ರೈಲೂ ಇದೆ. ಇಷ್ಟು ಅನುಕೂಲ ಬೇರೆ ಕಡೆ ಸಿಗುವುದು ಕಷ್ಟ.

ಮೊದಲೇ ಒಂದು ಮಾತು. ಒಂದು ದಿನದಲ್ಲಿ ಒಂದು ಲಾಖ್, ಒಂದು ಕಾಡು, ಅಷ್ಟೇ. ಐದು ಜಾಗ ಪಟ್ಟಿ ಮಾಡಿಕೊಂಡು ಕಾರಿನಲ್ಲಿ ಸುತ್ತಿದವರು ಕೊನೆಗೆ ನೋಡುವುದು ಕಾರ್ ಪಾರ್ಕಿಂಗ್‌ಗಳನ್ನು. ಹಕ್ಕಿ ಸಿಗುವುದು ಕೂತವರಿಗೆ.

ಯಾವಾಗ ಹೋಗಬೇಕು

ಮೇ ತಿಂಗಳ ಮೊದಲ ಮೂರು ವಾರ. ಇದಕ್ಕೆ ಕಾರಣವಿದೆ.

ಮೀನು ಹಿಡಿದು ಬದುಕುವ ದೊಡ್ಡ ಬೇಟೆ ಹಕ್ಕಿ ಆಸ್ಪ್ರೇ ಮಾರ್ಚ್ ಕೊನೆಗೆ, ಏಪ್ರಿಲ್ ಮೊದಲಿಗೆ ಪಶ್ಚಿಮ ಆಫ್ರಿಕಾದಿಂದ ಇಲ್ಲಿಗೆ ಬರುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ಹೋದರೂ ಅದು ಕಾಣುತ್ತದೆ. ಆದರೆ ಕಾಡಿನ ಹಾಡುಗಾರರು ಅಷ್ಟು ಬೇಗ ಬಂದಿರುವುದಿಲ್ಲ. ವಿಲೋ ವಾರ್ಬ್ಲರ್ ಏಪ್ರಿಲ್ ಕೊನೆಯ ಹೊತ್ತಿಗೆ ತುಂಬಿಕೊಳ್ಳುತ್ತದೆ, ವುಡ್ ವಾರ್ಬ್ಲರ್ ಮತ್ತು ಆಕಾಶದ ಸ್ವಿಫ್ಟ್‌ಗಳು ಮೇ ಮೊದಲ ವಾರದ ಹೊತ್ತಿಗೆ, ಸ್ಪಾಟೆಡ್ ಫ್ಲೈಕ್ಯಾಚರ್ ಇನ್ನೂ ಸ್ವಲ್ಪ ತಡ. ಜೂನ್‌ಗೆ ಮುಂದೂಡಿದರೆ ಇನ್ನೊಂದು ತೊಂದರೆ. ಎಲೆ ದಟ್ಟವಾಗಿ ಹಕ್ಕಿ ಕಾಣುವುದಿಲ್ಲ, ಮರಿಗಳ ಹೊಟ್ಟೆ ತುಂಬಿಸುವ ಕೆಲಸದಲ್ಲಿ ಹಾಡೂ ಕಡಿಮೆಯಾಗುತ್ತದೆ. ಜೊತೆಗೆ ಮಿಡ್ಜ್ ಕಾಟ. ಇವು ನೊರಜಿನಂಥ ಸಣ್ಣ ಹುಳ, ಗುಂಪಾಗಿ ಬಂದು ಕಚ್ಚುತ್ತವೆ. ಮೇ ಕೊನೆಯಿಂದ ಶುರುವಾಗಿ ಸೆಪ್ಟೆಂಬರ್‌ವರೆಗೂ ಇರುತ್ತವೆ. ಮೇ ಮೊದಲರ್ಧದಲ್ಲಿ ಇವುಗಳ ಕಾಟ ಅಷ್ಟಾಗಿ ಇಲ್ಲ.

ಆಗಿನ ದಿನಗಳೂ ಉದ್ದ. ಮೇ ಮಧ್ಯದಲ್ಲಿ ಬೆಳಿಗ್ಗೆ ಐದರ ಸುಮಾರಿಗೆ ಬೆಳಕು, ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುವುದು. ಸಾಧ್ಯವಾದರೆ ವಾರದ ಮಧ್ಯೆ ಹೋಗಿ. ಆಗದಿದ್ದರೆ ಶನಿವಾರ. ಭಾನುವಾರ ರೈಲು ಕಡಿಮೆ.

"ನಸುಕಿಗೇ ಹೋಗಬೇಕಾ?" ಅಂತ ಕೇಳುತ್ತಾರೆ. ಹಾಡು ಕೇಳಲು ನಸುಕೇ ಶ್ರೇಷ್ಠ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಡಿನ್‌ಬರಾದಿಂದ ಅಷ್ಟು ಹೊತ್ತಿಗೆ ರೈಲಿಲ್ಲ, ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತು ಹತ್ತೂವರೆಯವರೆಗೂ ಕಾಡು ಚೆನ್ನಾಗಿಯೇ ಹಾಡುತ್ತಿರುತ್ತದೆ. ಒಂಬತ್ತು ಒಂಬತ್ತೂವರೆಗೆ ಡಂಕೆಲ್ಡ್ ಮುಟ್ಟಿದರೂ ನಡೆಯುತ್ತದೆ. ಕಾರಿರುವವರು ಏಳಕ್ಕೇ ತಲುಪಿ, ಅದರ ಲಾಭವೇ ಬೇರೆ.

ಏನೇನು ಬೇಕು

ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿದ್ದರೆ ಅದನ್ನೇ ತನ್ನಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಗಾಜು ಅಗಲವಿದ್ದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ, ಮೋಡದ ದಿನ ಕಾಡಿನೊಳಗೆ ಅದೇ ಮುಖ್ಯ. ದೊಡ್ಡ ಅಂಕಿ ಇದ್ದರೆ ಒಳ್ಳೆಯದು ಅಂದುಕೊಂಡು 20×50 ಕೊಳ್ಳಬೇಡಿ. ಕೈ ನಡುಕವೂ ಇಪ್ಪತ್ತು ಪಟ್ಟಾಗುತ್ತದೆ, ಮರದಿಂದ ಮರಕ್ಕೆ ಹಾರುವ ಹಕ್ಕಿ ಅದರಲ್ಲಿ ಸಿಗುವುದೇ ಇಲ್ಲ.

ಬಟ್ಟೆ ವಿಷಯದಲ್ಲಿ ಊರಿಂದ ಬಂದವರಿಗೆ ಸ್ವಲ್ಪ ಜೋರಾಗಿಯೇ ಹೇಳಬೇಕಾಗುತ್ತದೆ. ಮೇ ಅಂದರೆ ಅವರ ಲೆಕ್ಕದಲ್ಲಿ ಬೇಸಿಗೆ. ಇಲ್ಲಿ ಮಧ್ಯಾಹ್ನ ಹದಿನೈದು ಡಿಗ್ರಿ ಇದ್ದರೆ ಪುಣ್ಯ, ಬೆಳಿಗ್ಗೆ ಐದಾರು ಡಿಗ್ರಿ. ನಡೆಯುವಾಗ ಚಳಿ ಗೊತ್ತಾಗುವುದಿಲ್ಲ, ಲಾಖ್ ಪಕ್ಕ ಗಂಟೆಗಟ್ಟಲೆ ಕೂತಾಗ ಗೊತ್ತಾಗುತ್ತದೆ. ಒಂದು ದಪ್ಪ ಸ್ವೆಟರ್ ಬದಲು ಎರಡು ಮೂರು ತೆಳು ಪದರ, ಮೇಲೊಂದು ನೀರು ನಿಲ್ಲಿಸುವ ಜಾಕೆಟ್, ಟೋಪಿ, ಕೈಗವಸು. ಜೀನ್ಸ್ ಬೇಡ, ಒಮ್ಮೆ ನೆನೆದರೆ ಸಂಜೆಯವರೆಗೂ ಒಣಗದು. ಪ್ಯಾಂಟ್ ಉದ್ದದ್ದೇ ಇರಲಿ, ಯಾಕೆ ಅನ್ನುವುದು ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

ಊಟ ಕಟ್ಟಿಕೊಂಡು ಹೋಗಿ. ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ, ನಿಮಗೆ ಬಿಟ್ಟದ್ದು. ಫ್ಲಾಸ್ಕ್‌ನಲ್ಲಿ ಕಾಫಿ ಮಾತ್ರ ಮರೆಯಬೇಡಿ.

ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ. ಅಮೆರಿಕದ ಕಾರ್ನೆಲ್ ಲ್ಯಾಬ್‌ನವರದ್ದು, ಉಚಿತ. ಹಕ್ಕಿ ದನಿ ಕೇಳಿಸಿಕೊಂಡು ಹೆಸರು ತೋರಿಸುತ್ತದೆ. ಬ್ರಿಟನ್ನಿನ ಹಕ್ಕಿಗಳ ಪ್ಯಾಕ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಕಾಡಿನಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ.

ಹಂತ 1: ಹೊರಡುವ ಮುಂಚೆ

ಹಿಂದಿನ ದಿನ ಎರಡು ಕೆಲಸ ಮಾಡಿ. ಲಾಖ್ ಆಫ್ ದ ಲೋಸ್ ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟ್‌ನವರು ನೋಡಿಕೊಳ್ಳುವ ಜಾಗ, ಆಸ್ಪ್ರೇ ಗೂಡಿಗೆ ಕ್ಯಾಮೆರಾ ಇಟ್ಟಿದ್ದಾರೆ. ಅವರ ವೆಬ್‌ಸೈಟ್‌ನಲ್ಲಿ ನೇರ ಪ್ರಸಾರ ನೋಡಿ, ಜೋಡಿ ಗೂಡಿನಲ್ಲಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಲಾಖ್ ಪಕ್ಕದ ಅವರ ವಿಸಿಟರ್ ಸೆಂಟರ್ ತೆರೆಯುವ ಹೊತ್ತು, ಪ್ರವೇಶ ಶುಲ್ಕ ಎರಡೂ ಅಲ್ಲೇ ಸಿಗುತ್ತವೆ.

ಎರಡನೆಯದು ರೈಲು. ಸ್ಟೇಷನ್ ಹೆಸರು ಡಂಕೆಲ್ಡ್ ಅಂಡ್ ಬರ್ನಮ್. ಪರ್ತ್‌ನಿಂದ ಇನ್ವರ್ನೆಸ್ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ, ಎಡಿನ್‌ಬರಾದಿಂದಲೂ ಗ್ಲಾಸ್ಗೋದಿಂದಲೂ ಹೆಚ್ಚುಕಡಿಮೆ ಒಂದೂವರೆ ಗಂಟೆ ದಾರಿ, ಕೆಲವು ರೈಲಿಗೆ ಪರ್ತ್‌ನಲ್ಲಿ ಬದಲಾಯಿಸಬೇಕು. ಜನ ಎಡವುವುದು ಇಲ್ಲೇ. ಇದು ಅರ್ಧ ಗಂಟೆಗೊಂದು ರೈಲು ಬರುವ ಸ್ಟೇಷನ್ ಅಲ್ಲ. ಒಂದು ತಪ್ಪಿದರೆ ಮುಂದಿನದಕ್ಕೆ ತುಂಬಾ ಹೊತ್ತು ಕಾಯಬೇಕು. ವಾಪಸ್ ಬರುವ ರೈಲಿನ ಸಮಯ, ಅದರ ನಂತರದ ರೈಲಿನ ಸಮಯ ಎರಡನ್ನೂ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಿ.

ಕಾರಿನಲ್ಲಿ ಬರುವವರಿಗೆ ಎ9 ರಸ್ತೆ. ಡಂಕೆಲ್ಡ್ ಬಳಿ ಎದುರು ಬರುವ ಗಾಡಿಗಳನ್ನು ದಾಟಿ ಬಲಕ್ಕೆ ತಿರುಗಬೇಕಾದ ಕಡೆ ಅವಸರ ಬೇಡ, ಗಾಡಿಗಳು ಬಹಳ ವೇಗವಾಗಿ ಬರುತ್ತವೆ.

ಹಂತ 2: ಸ್ಟೇಷನ್‌ನಿಂದ ಸೇತುವೆಗೆ

ಸ್ಟೇಷನ್ ಇರುವುದು ಬರ್ನಮ್ ಊರಿನ ಕಡೆ, ಡಂಕೆಲ್ಡ್ ನದಿಯ ಆಚೆ ದಡದಲ್ಲಿ. ನಡುವೆ ಥಾಮಸ್ ಟೆಲ್‌ಫರ್ಡ್ ಅನ್ನುವ ಎಂಜಿನಿಯರ್ ಕಟ್ಟಿಸಿದ, 1809ರ ಕಲ್ಲಿನ ಸೇತುವೆ. ದಾಟುವ ಮೊದಲು ಸ್ವಲ್ಪ ನಿಲ್ಲಿ, ನೀರಿನ ಮೇಲೆ ಕಣ್ಣಾಡಿಸಿ. ನದಿ ಮೇಲೆ ತಗ್ಗಿನಲ್ಲಿ ಹುಳ ಹಿಡಿಯುತ್ತಾ ಹಾರುವ ಸ್ವಾಲೋ, ಕಂದುಬಣ್ಣದ ಸ್ಯಾಂಡ್ ಮಾರ್ಟಿನ್. ಕಲ್ಲುಗಳ ಮೇಲೆ ಉದ್ದ ಕೆಂಪು ಕೊಕ್ಕಿನ ಕಪ್ಪು ಬಿಳುಪು ಹಕ್ಕಿ ಕಿರುಚಾಡುತ್ತಿದ್ದರೆ ಆಯಿಸ್ಟರ್‌ಕ್ಯಾಚರ್. ಸಣ್ಣ ಹಕ್ಕಿಯೊಂದು ಹಿಂಭಾಗ ಕುಣಿಸುತ್ತಾ ದಂಡೆಯಲ್ಲಿ ಓಡಾಡುತ್ತಿದ್ದರೆ ಅದು ಕಾಮನ್ ಸ್ಯಾಂಡ್‌ಪೈಪರ್. ಚಳಿಗಾಲದಲ್ಲಿ ನಮ್ಮ ಕೆರೆ ದಂಡೆಗಳಲ್ಲಿ ಒಂಟಿಯಾಗಿ ತಿರುಗುವುದೂ ಇದೇ ಜಾತಿಯ ಹಕ್ಕಿ. ಇಲ್ಲಿ ಅದು ಗೂಡು ಕಟ್ಟಲು ಬಂದಿರುತ್ತದೆ.

ಹತ್ತು ನಿಮಿಷ ಸಾಕು. ಕಾಡು ಕಾಯುತ್ತಿದೆ.

ಹಂತ 3: ಕಾಡುದಾರಿಯಲ್ಲಿ ಕಿವಿ ಮೊದಲು, ಕಣ್ಣು ಆಮೇಲೆ

ಡಂಕೆಲ್ಡ್‌ನಿಂದ ಲಾಖ್‌ಗೆ ಎ923 ರಸ್ತೆ ಹಿಡಿದು ಹೋಗಬೇಡಿ. ಫುಟ್‌ಪಾತ್ ಇಲ್ಲ, ತಿರುವು ಜಾಸ್ತಿ. ಫಂಗಾರ್ತ್ ಅನ್ನುವ ಕಡೆಯಿಂದ ಕಾಲುದಾರಿ ಇದೆ, ಫಲಕಗಳಿವೆ, ಎರಡೂವರೆ ಮೂರು ಕಿಲೋಮೀಟರ್. ನನಗೆ ಇಡೀ ದಿನದಲ್ಲಿ ಜಾಸ್ತಿ ಬೆಲೆಯುಳ್ಳ ಭಾಗ ಇದೇ. ಬಹಳಷ್ಟು ಜನ ಆಸ್ಪ್ರೇ ನೋಡುವ ಆತುರದಲ್ಲಿ ಇಪ್ಪತ್ತೈದು ನಿಮಿಷದಲ್ಲಿ ಬಿರಬಿರನೆ ದಾಟಿಬಿಡುತ್ತಾರೆ. ಒಂದೂವರೆ ಗಂಟೆ ತೆಗೆದುಕೊಳ್ಳಿ. ಆಸ್ಪ್ರೇ ಇಡೀ ದಿನ ಅಲ್ಲೇ ಇರುತ್ತದೆ. ಹಾಡು ಹಾಗಲ್ಲ, ಹನ್ನೊಂದರ ಮೇಲೆ ತಣ್ಣಗಾಗುತ್ತದೆ.

ಹೇಗೆ ಮಾಡಬೇಕು ಅಂದರೆ, ನೂರು ಹೆಜ್ಜೆ ನಡೆದು ನಿಲ್ಲಿ. ಮಾತು ನಿಲ್ಲಿಸಿ. ಎರಡು ನಿಮಿಷ ಸುಮ್ನೆ ಕೇಳಿ. ಎಲ್ಲಾ ದನಿಗಳನ್ನೂ ಗುರುತಿಸಲು ಹೋಗಬೇಡಿ, ತಲೆ ಕೆಡುತ್ತದೆ. ಕೆಳಗಿನ ಕೆಲವನ್ನು ಮನೆಯಲ್ಲೇ ಧ್ವನಿಮುದ್ರಣ ಕೇಳಿ ಪಳಗಿಸಿಕೊಂಡು ಬನ್ನಿ, ಸಾಕು.

ಚಿಫ್‌ಚಾಫ್ ತನ್ನ ಹೆಸರನ್ನೇ ಹೇಳುತ್ತದೆ. ಚಿಫ್, ಚಾಫ್, ಚಿಫ್, ಚಿಫ್, ಚಾಫ್, ಎರಡೇ ಸ್ವರ, ಬೇಸರವಿಲ್ಲದೆ. ವಿಲೋ ವಾರ್ಬ್ಲರ್ ನೋಡಲು ಥೇಟ್ ಅದೇ ಥರ, ಬೆರಳುದ್ದದ ಹಸಿರುಮಿಶ್ರಿತ ಕಂದು ಹಕ್ಕಿ, ಆದರೆ ಹಾಡು ಮೇಲಿಂದ ಶುರುವಾಗಿ ಮೆಲ್ಲಗೆ ಇಳಿಯುತ್ತಾ ಕೊನೆಗೆ ಕರಗಿಹೋಗುತ್ತದೆ. ಕಾಲಿನ ಬಣ್ಣ ನೋಡಿ ಬೇರೆ ಮಾಡಬಹುದು, ಚಿಫ್‌ಚಾಫ್‌ದು ಕಪ್ಪು, ವಿಲೋದ್ದು ತಿಳಿ. ಆದರೆ ಮರದ ತುದಿಯಲ್ಲಿ ಕುಣಿಯುವ ಹಕ್ಕಿಯ ಕಾಲು ನೋಡಿದವರು ಯಾರು? ಚಳಿಗಾಲದಲ್ಲಿ ಬೆಂಗಳೂರಿನ ಮರಗಳಿಗೆ ಬರುವ ಗ್ರೀನಿಷ್ ವಾರ್ಬ್ಲರ್ ಹಿಂದೆ ಬಿದ್ದವರಿಗೆ ಈ ಗೋಳು ಗೊತ್ತು. ಕಿವಿಯನ್ನೇ ನಂಬಿ.

ಚಾಫಿಂಚ್ ಹಾಡು ಚಿಟಿಚಿಟಿ ಅಂತ ವೇಗ ಹಿಡಿದು ಕೊನೆಗೊಂದು ಸುರುಳಿ ಹಾಕಿ ನಿಲ್ಲುತ್ತದೆ. ಅತಿ ಹೆಚ್ಚು ಕೇಳುವುದು ಇದೇ, ಇದನ್ನು ಕಲಿತರೆ ಅರ್ಧ ಕಾಡು ಕಲಿತಂತೆ. ಸಾಂಗ್ ಥ್ರಷ್ ಎತ್ತರದ ಕೊಂಬೆಯಲ್ಲಿ ಕೂತು ಪ್ರತಿ ಸಾಲನ್ನೂ ಎರಡು ಮೂರು ಸಲ ಹೇಳಿ ಮುಂದಿನದಕ್ಕೆ ಹೋಗುತ್ತದೆ. ಕಾಲ ಬುಡದ ಪೊದೆಯಿಂದ ಕಿವಿಗೆ ರಾಚುವಷ್ಟು ಜೋರು ದನಿ ಬಂದರೆ ದೊಡ್ಡ ಹಕ್ಕಿ ಹುಡುಕಬೇಡಿ. ಅದು ರೆನ್, ಹತ್ತು ಗ್ರಾಂ ಸುಮಾರಿನ ಜೀವ.

ಓಕ್ ಮರಗಳಿರುವ ಕಡೆ ಅದೃಷ್ಟವಿದ್ದರೆ ವುಡ್ ವಾರ್ಬ್ಲರ್. ಕಡಪ ಕಲ್ಲಿನ ಮೇಲೆ ನಾಣ್ಯ ತಿರುಗಿಸಿ ಬಿಟ್ಟಾಗ ಅದು ಮಲಗುವ ಮುಂಚೆ ಟ್ರ್‌ರ್‌ರ್ ಅನ್ನುತ್ತದಲ್ಲ, ಅದೇ ಸದ್ದು. ಒಮ್ಮೆ ಕೇಳಿದರೆ ಮರೆಯಲ್ಲ. ಬ್ರಿಟನ್ನಿನಲ್ಲಿ ಇದರ ಸಂಖ್ಯೆ ತುಂಬಾ ಇಳಿದಿದೆ, ಆದ್ದರಿಂದ ಕೇಳದಿದ್ದರೆ ಬೇಜಾರು ಬೇಡ.

ಇಲ್ಲಿ ಮೂರು ಎಚ್ಚರಿಕೆ. ಒಂದು, ಮರ್ಲಿನ್ ತೋರಿಸಿದ ಹೆಸರೆಲ್ಲಾ ನಿಜ ಅಂದುಕೊಳ್ಳಬೇಡಿ. ಅದು ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಸ್ಟಾರ್ಲಿಂಗ್ ಬೇರೆ ಹಕ್ಕಿಗಳ ಅನುಕರಣೆ ಮಾಡಿ ಅದನ್ನು ಸುಲಭವಾಗಿ ಯಾಮಾರಿಸುತ್ತದೆ. ಎರಡು, ಫೋನಿನಿಂದ ಹಕ್ಕಿ ಹಾಡು ಜೋರಾಗಿ ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಗೂಡು ಕಟ್ಟುವ ಕಾಲದಲ್ಲಿ ಅದು ಶುದ್ಧ ಅನ್ಯಾಯ. ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂದುಕೊಂಡು ಆ ಹಕ್ಕಿ ಕಾವು, ಕೂಳು ಎಲ್ಲಾ ಬಿಟ್ಟು ಜಗಳಕ್ಕೆ ಬರುತ್ತದೆ. ಮೂರು, ದಾರಿ ಬಿಟ್ಟು ಇಳಿಯಬೇಡಿ. ವಾರ್ಬ್ಲರ್‌ಗಳಲ್ಲಿ ಹಲವು ಗೂಡು ಕಟ್ಟುವುದು ನೆಲದ ಮೇಲೆ, ಹುಲ್ಲಿನೊಳಗೆ. ಕಾಲಿಟ್ಟರೆ ನಿಮಗೆ ಗೊತ್ತೂ ಆಗುವುದಿಲ್ಲ.

ಹಂತ 4: ಹೈಡ್‌ನಲ್ಲಿ ಕೂರುವುದು

ಹೈಡ್ ಅಂದರೆ ಹಕ್ಕಿಗಳಿಗೆ ನಾವು ಕಾಣದ ಹಾಗೆ ಕೂರಲು ಕಟ್ಟಿದ ಮರದ ಕೋಣೆ, ಗೋಡೆಯಲ್ಲಿ ನೋಡಲು ಉದ್ದನೆಯ ಕಿಂಡಿ. ಲಾಖ್ ದಂಡೆಯಲ್ಲಿ ಇಂಥವು ಇವೆ, ಒಳಗೆ ಸ್ಕೋಪ್‌ಗಳೂ ಇರುತ್ತವೆ. ಸ್ಕೋಪ್ ಅಂದರೆ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ, ಒಂದೇ ಕಣ್ಣಿನಲ್ಲಿ ನೋಡುವ ದುರ್ಬೀನು. ಹಾಗಾಗಿ ನಿಮ್ಮ ಬೈನಾಕ್ಯುಲರ್ ಸಾಧಾರಣದ್ದಾದರೂ ನಷ್ಟವಿಲ್ಲ. ಸ್ವಯಂಸೇವಕರು ಇದ್ದರೆ ಸಂಕೋಚ ಬಿಟ್ಟು ಕೇಳಿ. ಅವರಿಗೆ ಹೇಳುವುದೆಂದರೆ ಖುಷಿ, ಆ ಹಕ್ಕಿಗಳ ದಿನಚರಿಯೆಲ್ಲ ಅವರಿಗೆ ಬಾಯಿಪಾಠ.

ಮೊದಲು ಸೆಂಟರ್‌ನ ದೊಡ್ಡ ಕಿಟಕಿ ಮುಂದೆ ಹತ್ತು ನಿಮಿಷ ಕೂರಿ. ಹೊರಗೆ ಕಾಳು ನೇತುಹಾಕಿರುತ್ತಾರೆ. ಗ್ರೇಟ್ ಸ್ಪಾಟೆಡ್ ವುಡ್‌ಪೆಕರ್ ಅನ್ನುವ ಕಪ್ಪು ಬಿಳಿ ಕೆಂಪು ಮರಕುಟಿಗ, ಹಳದಿ ಸಿಸ್ಕಿನ್, ಟಿಟ್‌ಗಳು, ನೆಲದಲ್ಲಿ ಫೆಸೆಂಟ್, ಜೊತೆಗೆ ಕೆಂಪಳಿಲು. ಮಕ್ಕಳಿದ್ದರೆ ಅವರು ಅಲ್ಲಿಂದ ಏಳುವುದಿಲ್ಲ.

ಆಮೇಲೆ ಹೈಡ್. ಆಸ್ಪ್ರೇ ಗೂಡು ಮರದ ತುದಿಯಲ್ಲಿ ಒಣಕಡ್ಡಿಗಳ ದೊಡ್ಡ ಗುಡ್ಡೆಯಾಗಿ ಕಾಣುತ್ತದೆ. ಮೇ ಮೊದಲರ್ಧದಲ್ಲಿ ಹೋದರೆ ಹೆಣ್ಣು ಕಾವು ಕೂತಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ, ಐದು ವಾರಕ್ಕಿಂತ ಸ್ವಲ್ಪ ಜಾಸ್ತಿ ಕಾವು. ಮೊದಲ ಸಲ ನೋಡುವವರಿಗೆ ನಿರಾಸೆಯಾಗುವುದು ಈ ಹಂತದಲ್ಲೇ, ಯಾಕಂದರೆ ಕಾಣುವುದು ಬರೀ ತಲೆ. ಬಿಳಿ ತಲೆ, ಕಣ್ಣಿನ ಮೇಲಿಂದ ಹಿಂದಕ್ಕೆ ಹೋಗುವ ಕಂದು ಪಟ್ಟಿ. "ಇಷ್ಟೇನಾ?" ಅಂತ ಐದು ನಿಮಿಷಕ್ಕೆ ಎದ್ದು ಹೋಗುತ್ತಾರೆ.

ಹೋಗಬೇಡಿ. ಕನಿಷ್ಠ ಒಂದೂವರೆ ಗಂಟೆ ಕೂರಿ. ಗಂಡು ಮೀನು ತರುತ್ತದೆ, ನೀವು ಬಂದಿರುವುದು ಅದನ್ನು ನೋಡಲು. ಮೊದಲ ಸುಳಿವು ಕೊಡುವುದು ಹೆಣ್ಣೇ. ಅದು ತಲೆ ಎತ್ತಿ ಕೀ ಕೀ ಅಂತ ಬೇಡುವುದಕ್ಕೆ ಶುರು ಮಾಡಿದರೆ ಆಕಾಶ ನೋಡಿ. ಗಂಡು ಬರುವಾಗ ಮೀನಿನ ತಲೆ ಮುಂದಕ್ಕೆ ಇರುವ ಹಾಗೆ, ಎರಡು ಕಾಲನ್ನೂ ಒಂದರ ಹಿಂದೆ ಒಂದಿಟ್ಟು ಹಿಡಿದಿರುತ್ತದೆ, ಗಾಳಿಗೆ ಅಡ್ಡವಾಗದಂತೆ. ಅದರ ಹೊರಬೆರಳು ಹಿಂದಕ್ಕೂ ತಿರುಗುತ್ತದೆ, ಪಾದದಡಿ ಮುಳ್ಳಿನಂಥ ಚರ್ಮ, ಜಾರುವ ಮೀನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಎಷ್ಟೋ ಸಲ ಮೀನಿನ ತಲೆ ಭಾಗವನ್ನು ತಾನು ತಿಂದು ಮುಗಿಸಿ ಉಳಿದದ್ದನ್ನು ಗೂಡಿಗೆ ತರುತ್ತದೆ. ಹೆಣ್ಣು ಅದನ್ನು ಕಿತ್ತುಕೊಂಡು ಬೇರೆ ಮರಕ್ಕೆ ಹೋದರೆ ಗಂಡು ಸ್ವಲ್ಪ ಹೊತ್ತು ಕಾವು ಕೂರುತ್ತದೆ.

ದೂರದಲ್ಲಿ ಹಾರುವ ದೊಡ್ಡ ಹಕ್ಕಿಯೆಲ್ಲ ಆಸ್ಪ್ರೇ ಅಲ್ಲ. ಇಲ್ಲಿ ಬಜರ್ಡ್ ತುಂಬಾ ಇವೆ, ಅಗಲ ರೆಕ್ಕೆ, ಮೋಟು ಕತ್ತು, ಬೆಕ್ಕಿನಂಥ ಮಿಯಾವ್ ಕೂಗು. ಬಾಲ ಕವಲೊಡೆದಿದ್ದರೆ ರೆಡ್ ಕೈಟ್. ಆಸ್ಪ್ರೇ ಕೆಳಗಿಂದ ಬಿಳಿ, ಮಣಿಕಟ್ಟಿನ ಜಾಗದಲ್ಲಿ ಕಪ್ಪು ಮಚ್ಚೆ, ರೆಕ್ಕೆ ಉದ್ದ ಮತ್ತು ನಡುವೆ ಬಾಗಿದ್ದು. ಗಲ್ ಅನ್ನುವ ಕಡಲಹಕ್ಕಿ, ಅದರಲ್ಲೇ ದೊಡ್ಡದು ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಭದ್ರಾ ಹಿನ್ನೀರಿನಲ್ಲೋ ಕಬಿನಿಯಲ್ಲೋ ಚಳಿಗಾಲದಲ್ಲಿ ಒಣಮರದ ಮೇಲೆ ಇದನ್ನು ನೋಡಿದವರು ನಿಮ್ಮಲ್ಲಿ ಇರಬಹುದು. ಜಾತಿ ಒಂದೇ. ಆದರೆ ಸ್ಕಾಟ್ಲೆಂಡ್‌ನ ಆಸ್ಪ್ರೇಗಳು ಭಾರತಕ್ಕೆ ಬರುವುದಿಲ್ಲ, ಚಳಿಗಾಲಕ್ಕೆ ಸೆನೆಗಲ್, ಗ್ಯಾಂಬಿಯಾ ಕಡೆ ಹೋಗುತ್ತವೆ. ಊರಲ್ಲಿ ಇದು ಚಳಿಗಾಲದ ಅತಿಥಿ ಮಾತ್ರ, ಗೂಡು, ಕಾವು, ಮೀನಿನ ಹಂಚಿಕೆ ನೋಡುವ ಅವಕಾಶ ಇಲ್ಲೇ.

ಇದನ್ನು ಇಷ್ಟು ಹತ್ತಿರದಿಂದ ನೋಡಲು ಸಿಗುತ್ತಿರುವುದು ಸಣ್ಣ ಮಾತಲ್ಲ. ಗುಂಡೇಟು, ಮೊಟ್ಟೆ ಸಂಗ್ರಹಿಸುವವರ ಹುಚ್ಚು, ಎರಡೂ ಸೇರಿ 1916ರ ಹೊತ್ತಿಗೆ ಸ್ಕಾಟ್ಲೆಂಡ್‌ನಲ್ಲಿ ಆಸ್ಪ್ರೇ ಸಂತಾನವೇ ನಿಂತುಹೋಗಿತ್ತು. 1954ರಲ್ಲಿ ಉತ್ತರದ ಲಾಖ್ ಗಾರ್ಟನ್‌ನಲ್ಲಿ ಮತ್ತೆ ಒಂದು ಜೋಡಿ ಬಂತು. ಅಲ್ಲಿಂದ ಗೂಡಿಗೆ ಹಗಲು ರಾತ್ರಿ ಕಾವಲು. 1959ರಲ್ಲಿ ಬ್ರಿಟನ್ನಿನಲ್ಲಿ ಹಕ್ಕಿಗಳ ರಕ್ಷಣೆಗೆ ದುಡಿಯುವ ಆರ್‌ಎಸ್‌ಪಿಬಿ ಸಂಸ್ಥೆಯವರು ಗೂಡಿನ ಜಾಗವನ್ನು ಮುಚ್ಚಿಡುವ ಬದಲು ಜನರಿಗೇ ತೋರಿಸಲು ನಿರ್ಧರಿಸಿದರು, ನೋಡುವ ಕಣ್ಣು ಜಾಸ್ತಿಯಾದಷ್ಟೂ ಕಳ್ಳರಿಗೆ ಕಷ್ಟ ಅಂತ. ಇವತ್ತಿಗೂ ಕಾನೂನು ಬಿಗಿ. 1981ರ ವನ್ಯಜೀವಿ ಕಾಯ್ದೆ ಪ್ರಕಾರ ಗೂಡಿನಲ್ಲಿರುವ ಆಸ್ಪ್ರೇಗೆ ತೊಂದರೆ ಕೊಡುವುದೇ ಅಪರಾಧ, ಮುಟ್ಟಬೇಕಾಗಿಲ್ಲ. ಡ್ರೋನ್ ತರುವ ಆಸೆಯಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಆಸ್ಪ್ರೇ ಸುಮ್ಮನಿದ್ದಾಗ ನೀರು ನೋಡಿ. ಗ್ರೇಟ್ ಕ್ರೆಸ್ಟೆಡ್ ಗ್ರೀಬ್ ಜೋಡಿ ಸಿಗಬಹುದು, ತಲೆಯಲ್ಲಿ ಜುಟ್ಟು, ಕೆನ್ನೆಗೆ ಕೆಂಗಂದು ಗರಿ. ಎದುರುಬದುರು ನಿಂತು ತಲೆ ಅಲ್ಲಾಡಿಸುತ್ತಾ, ಕೆಲವೊಮ್ಮೆ ಕೊಕ್ಕಿನಲ್ಲಿ ನೀರುಗಿಡ ಕಚ್ಚಿಕೊಂಡು ಎದೆಗೆ ಎದೆ ತಾಗಿಸಿ ನಿಲ್ಲುತ್ತವೆ. ಮರಿಗಳಿದ್ದರೆ ಬೆನ್ನ ಮೇಲೆ ಹೊತ್ತು ತಿರುಗುತ್ತವೆ, ಮರಿಯ ಮುಖದಲ್ಲಿ ಕಪ್ಪು ಬಿಳಿ ಪಟ್ಟೆ. ಜೊತೆಗೆ ಟಫ್ಟೆಡ್ ಬಾತು, ಹಂಸ, ನಮ್ಮೂರ ಕೆರೆಗಳಲ್ಲೂ ಇರುವ ನಾಮದ ಕೋಳಿ. ದಂಡೆಯಲ್ಲಿ ಪೆನ್ಸಿಲ್ ಚೂಪು ಮಾಡಿದಂತೆ ಕಡಿದ ಮರ ಕಂಡರೆ ಅದು ಬೀವರ್ ಕೆಲಸ. ಬೀವರ್ ಕಾಣುವುದು ಸಂಜೆ ಮೇಲೆ, ಅದಕ್ಕಾಗಿ ರೈಲು ಬಿಡಬೇಡಿ.

ಹೈಡ್ ಒಳಗಿನ ರೀತಿನೀತಿ: ಪಿಸುಮಾತು, ಫೋನ್ ಸೈಲೆಂಟ್, ಕಿಂಡಿಯಿಂದ ಕೈ ಹೊರಗೆ ಚಾಚಿ ಬೆರಳು ತೋರಿಸಬೇಡಿ. "ಆ ಎಡಗಡೆ ಬರ್ಚ್ ಮರ, ಅದರ ಬಲಕ್ಕೆ" ಅಂತ ಬಾಯಲ್ಲಿ ಹೇಳಿ. ಪುಳಿಯೋಗರೆ ಡಬ್ಬಿ ಅಲ್ಲಿ ತೆಗೆಯಬೇಡಿ, ಹೊರಗೆ ಬಂದು ತಿನ್ನಿ.

ಹಂತ 5: ಹರ್ಮಿಟೇಜ್, ಮಧ್ಯಾಹ್ನದ ಮೇಲೆ

ಅದೇ ದಾರಿಯಲ್ಲಿ ಡಂಕೆಲ್ಡ್‌ಗೆ ವಾಪಸ್ ಬಂದು, ನದಿ ಪಕ್ಕದ ದಾರಿ ಹಿಡಿದು ಹರ್ಮಿಟೇಜ್‌ಗೆ ಹೋಗಿ. ಬ್ರಾನ್ ಅನ್ನುವ ಹೊಳೆಯ ದಂಡೆಯಲ್ಲಿದೆ, ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ನವರದ್ದು. ಇಲ್ಲಿಯ ಡಗ್ಲಸ್ ಫರ್ ಮರಗಳು ಬ್ರಿಟನ್ನಿನ ಅತಿ ಎತ್ತರದ ಮರಗಳ ಸಾಲಿಗೆ ಸೇರುತ್ತವೆ. ಈ ಮರದ ಬೀಜವನ್ನು ಅಮೆರಿಕದಿಂದ ಕಳಿಸಿದ ಡೇವಿಡ್ ಡಗ್ಲಸ್ ಹುಟ್ಟಿದ್ದು ಇಲ್ಲೇ ಹತ್ತಿರದ ಸ್ಕೂನ್‌ನಲ್ಲಿ.

ಮಧ್ಯಾಹ್ನಕ್ಕೆ ಇದನ್ನು ಇಟ್ಟದ್ದು ಬೇಕೆಂದೇ. ಜಲಪಾತದ ಸದ್ದಿನಲ್ಲಿ ಹಾಡು ಹೇಗೂ ಕೇಳುವುದಿಲ್ಲ, ಇಲ್ಲಿ ನೋಡಬೇಕಾದ ಹಕ್ಕಿಗೆ ಹೊತ್ತಿನ ಹಂಗೂ ಇಲ್ಲ. ಅದು ಡಿಪ್ಪರ್. ದುಂಡಗಿನ ಕಂದು ಹಕ್ಕಿ, ಎದೆ ಅಚ್ಚ ಬಿಳಿ. ಹೊಳೆ ನಡುವಿನ ಕಲ್ಲಿನ ಮೇಲೆ ಬಸ್ಕಿ ಹೊಡೆಯುತ್ತಾ ನಿಂತಿರುತ್ತದೆ, ನೋಡನೋಡುತ್ತಾ ರಭಸದ ನೀರಿನೊಳಗೆ ನಡೆದು ಹೋಗಿ ತಳದ ಹುಳ ಹೆಕ್ಕಿ ಹೊರಬರುತ್ತದೆ. ಹುಡುಕುವುದು ಹೇಗೆ? ಕಲ್ಲುಗಳಲ್ಲಿ ಬಿಳಿ ಹಿಕ್ಕೆ ಬಿದ್ದ ಕಲ್ಲು ಹುಡುಕಿ, ಅದರ ಎದುರು ಕೂರಿ. ಬಂದೇ ಬರುತ್ತದೆ. ಪಕ್ಕದಲ್ಲೇ ಉದ್ದ ಬಾಲ ಕುಣಿಸುವ, ಹೊಟ್ಟೆ ಹಳದಿಯಿರುವ ಗ್ರೇ ವ್ಯಾಗ್‌ಟೇಲ್ ಕೂಡ ಇರಬಹುದು, ಮಲೆನಾಡಿನ ಹಳ್ಳಗಳಲ್ಲಿ ಚಳಿಗಾಲದಲ್ಲಿ ಕಾಣುವ ಅದೇ ಹಕ್ಕಿ.

ತಲೆಯ ಮೇಲೆ ಫರ್ ಮರಗಳಲ್ಲಿ ಸಿಸಿಸಿ ಅಂತ ಸಣ್ಣ ಚೂಪು ದನಿ ಬಂದರೆ ಗೋಲ್ಡ್‌ಕ್ರೆಸ್ಟ್. ಐದಾರು ಗ್ರಾಂ ತೂಗುವ, ಬ್ರಿಟನ್ನಿನ ಅತಿ ಚಿಕ್ಕ ಹಕ್ಕಿ. ನೋಡಲು ಕತ್ತು ನೋಯಿಸಿಕೊಳ್ಳಬೇಕು.

ಬಂಡೆಗಳು ಜಾರುತ್ತವೆ, ಫೋಟೋಗೆ ಅಂತ ಹೊಳೆಗೆ ಇಳಿಯಬೇಡಿ. ಇಲ್ಲಿಂದ ಇನ್ವರ್ ಮೂಲಕ ಸ್ಟೇಷನ್ ಹತ್ತಿರ, ಮತ್ತೆ ಡಂಕೆಲ್ಡ್‌ಗೆ ಹೋಗಬೇಕಾಗಿಲ್ಲ. ದಿನದ ಒಟ್ಟು ನಡಿಗೆ ಹನ್ನೆರಡು ಕಿಲೋಮೀಟರ್ ಆಸುಪಾಸು.

ಹಂತ 6: ಮನೆಗೆ ಬಂದ ಮೇಲೆ

ಮೈಗೆ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ. ಇಲ್ಲಿ ಟಿಕ್ ಅನ್ನುತ್ತಾರೆ, ಹುಲ್ಲು, ಜರಿಗಿಡದಿಂದ ಬಟ್ಟೆಗೆ ಹತ್ತುತ್ತದೆ. ಉದ್ದ ಪ್ಯಾಂಟ್, ಅದನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳುವುದು ಇದಕ್ಕೇ. ಸ್ನಾನಕ್ಕೆ ಹೋದಾಗ ಮಂಡಿ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಿಗಾದರೆ ಕೂದಲಂಚು ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ, ಬೆಂಕಿಕಡ್ಡಿ ಪ್ರಯೋಗ ಬೇಡ. ಔಷಧಿ ಅಂಗಡಿಯಲ್ಲಿ ಇದಕ್ಕೆಂದೇ ಸಣ್ಣ ಕೊಕ್ಕೆ ಸಿಗುತ್ತದೆ, ಚರ್ಮಕ್ಕೆ ಹತ್ತಿರ ಹಿಡಿದು ಮೆಲ್ಲಗೆ ತೆಗೆಯಿರಿ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಹರಡುವ ಕೆಂಪು ಉಂಗುರ ಅಥವಾ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ, ಟಿಕ್ ಕಚ್ಚಿತ್ತು ಅಂತ ಹೇಳಿ. ಟಿಕ್ ಕಚ್ಚುವುದರಿಂದ ಬರುವ ಲೈಮ್ ಕಾಯಿಲೆ ಬೇಗ ಗೊತ್ತಾದರೆ ಆ್ಯಂಟಿಬಯಾಟಿಕ್‌ನಿಂದ ವಾಸಿಯಾಗುತ್ತದೆ. ಊರಿಗೆ ವಾಪಸ್ ಹೋಗುವ ಅಪ್ಪ ಅಮ್ಮನಿಗೆ ಇದನ್ನು ಹೇಳಿಯೇ ಕಳಿಸಿ, ಅಲ್ಲಿನ ಡಾಕ್ಟರಿಗೆ ಇದು ಹೊಳೆಯುವುದು ಕಷ್ಟ.

ಕಂಡ ಹಕ್ಕಿಗಳನ್ನು ಹಕ್ಕಿ ದಾಖಲೆ ಇಡುವ ಇ-ಬರ್ಡ್‌ನಲ್ಲೋ ಬರ್ಡ್‌ಟ್ರ್ಯಾಕ್‌ನಲ್ಲೋ ಹಾಕಿ. ಆದರೆ ಬೇರೆಲ್ಲಾದರೂ ಅಪರೂಪದ ಹಕ್ಕಿಯ ಗೂಡು ಕಣ್ಣಿಗೆ ಬಿದ್ದರೆ ಅದರ ಜಾಗವನ್ನು ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಹಾಕಬೇಡಿ.

ಇದೇ ಬೇಡ ಅನ್ನುವವರಿಗೆ

ಅಪ್ಪ ಅಮ್ಮನಿಗೆ ಮಂಡಿನೋವು, ಹನ್ನೆರಡು ಕಿಲೋಮೀಟರ್ ಆಗಲ್ಲ ಅಂದರೆ ಸ್ಟೇಷನ್‌ನಿಂದ ಟ್ಯಾಕ್ಸಿ ಮಾಡಿ ಲಾಖ್ ಮಾತ್ರ ನೋಡಿ, ಹರ್ಮಿಟೇಜ್ ಬಿಡಿ. ಟ್ಯಾಕ್ಸಿ ಮೊದಲೇ ಹೇಳಿಡಬೇಕು, ಸ್ಟೇಷನ್ ಎದುರು ಸಾಲಾಗಿ ನಿಂತಿರುವುದಿಲ್ಲ. ಇಲ್ಲವಾದರೆ ಕಿನ್ರಾಸ್ ಹತ್ತಿರದ ಲಾಖ್ ಲೆವೆನ್. ಅಲ್ಲಿ ಆರ್‌ಎಸ್‌ಪಿಬಿ ಸೆಂಟರ್ ಇದೆ, ಕೆಫೆ ಇದೆ, ಲಾಖ್ ಸುತ್ತ ಸಮತಟ್ಟಾದ ದಾರಿ ಇದೆ, ಮೀನು ಹಿಡಿಯಲು ಬರುವ ಆಸ್ಪ್ರೇಯೂ ಕಾಣಬಹುದು. ಗ್ಲಾಸ್ಗೋದವರು ಲಾಖ್ ಲೋಮಂಡ್ ದಂಡೆಯ ಇನ್ವರ್‌ಸ್ನೇಡ್ ನೋಡಿ. ಆ ಹಳೇ ಓಕ್ ಕಾಡಿನಲ್ಲಿ ವುಡ್ ವಾರ್ಬ್ಲರ್, ಪೈಡ್ ಫ್ಲೈಕ್ಯಾಚರ್, ರೆಡ್‌ಸ್ಟಾರ್ಟ್ ಮೂರೂ ಇವೆ, ದಾರಿ ಮಾತ್ರ ಕಡಿದು. ಇನ್ವರ್ನೆಸ್ ಕಡೆಯವರಿಗೆ ಲಾಖ್ ಗಾರ್ಟನ್ ಹತ್ತಿರ. ಆದರೆ ಅಲ್ಲಿನ ಪೈನ್ ಕಾಡಿನಲ್ಲಿ ಕ್ಯಾಪರ್‌ಕೇಲಿ ಹುಡುಕಲು ಹೋಗಬೇಡಿ. ಟರ್ಕಿ ಕೋಳಿ ಗಾತ್ರದ ಈ ಕಾಡುಕೋಳಿ 2021-22ರ ಚಳಿಗಾಲದ ಗಣತಿಯಲ್ಲಿ ಇಡೀ ದೇಶದಲ್ಲಿ 532 ಇದ್ದವು ಅಂತ ಅಂದಾಜು. ವಸಂತದಲ್ಲಿ ಗಂಡುಗಳು ಸೇರಿ ಕುಣಿಯುವ ಜಾಗಕ್ಕೆ ಜನ ನುಗ್ಗಿದರೆ ಅವು ಕೂಡುವುದನ್ನೇ ಬಿಟ್ಟುಬಿಡುತ್ತವೆ. ಗುರುತು ಹಾಕಿದ ದಾರಿಯಲ್ಲೇ ನಡೆಯಿರಿ, ನಾಯಿ ಇದ್ದರೆ ಹಗ್ಗದಲ್ಲೇ ಇರಲಿ.